ಮನೆಯಲ್ಲೇ ಮಾಡಿದ ಆರ್ಕೇಡ್ ಕ್ಯಾಬಿನೆಟ್‌ನ ಅಂಚಿಗೆ ಟಿ-ಮೋಲ್ಡಿಂಗ್ ಹಾಕಲಾ, ಎಡ್ಜ್ ಬ್ಯಾಂಡ್ ಸಾಕಾ?

ನೀವು ಹುಬ್ಬಳ್ಳಿಯಿಂದ ಕೇಳಿದ್ದು ಇಷ್ಟು: 18 ಎಂಎಂ ಪ್ಲೈವುಡ್‌ನಲ್ಲಿ ಆರು ಅಡಿ ಆರ್ಕೇಡ್ ಕ್ಯಾಬಿನೆಟ್ (ನಿಂತು ಆಡುವ ವಿಡಿಯೋ ಗೇಮ್ ಪೆಟ್ಟಿಗೆ) ನಿಲ್ಲಿಸಿದ್ದೇನೆ, ಆಟವೂ ಓಡುತ್ತಿದೆ, ಆದರೆ ಅಂಚಿನಲ್ಲಿ ಪ್ಲೈ ಪದರಗಳು ಹಾಗೇ ಕಾಣುತ್ತಿವೆ, ಏನು ಹಾಕಲಿ? ನಾನು ಧಾರವಾಡದಲ್ಲಿ ಇಂಥವು ಎರಡು ಮಾಡಿದ್ದೇನೆ. ಮೊದಲನೆಯದಕ್ಕೆ ಪಿವಿಸಿ ಎಡ್ಜ್ ಬ್ಯಾಂಡ್, ಅಂದರೆ ಅಂಚಿಗೆ ಅಂಟಿಸುವ ತೆಳು ಪ್ಲಾಸ್ಟಿಕ್ ಪಟ್ಟಿ; ಎರಡನೆಯದಕ್ಕೆ ಟಿ-ಮೋಲ್ಡಿಂಗ್, ಅಂದರೆ ಅಂಚಿನ ಸೀಳಿಗೆ ತುರುಕುವ ಪ್ಲಾಸ್ಟಿಕ್ ಪಟ್ಟಿ. ಎರಡರಲ್ಲೂ ಎಡವಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೀವೊಂದು ಹೇಳಬೇಕು. ಮೈಕಾ (ಪ್ಲೈ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆ) ಎಷ್ಟು ಕಡೆ ಹಚ್ಚಿದ್ದೀರಿ?

ಇದು ಸುಮ್ನೆ ಕೇಳಿದ್ದಲ್ಲ. ಮುಕ್ಕಾಲು ಇಂಚಿನ ಟಿ-ಮೋಲ್ಡಿಂಗ್ ಅಗಲ ಸುಮಾರು 19 ಎಂಎಂ. ನಿಮ್ಮ ಪ್ಲೈ 18. ಹೊರಮೈಗೆ ಮಾತ್ರ 1 ಎಂಎಂ ಮೈಕಾ ಹಚ್ಚಿದ್ದರೆ ಸರಿಯಾಗಿ 19 ಆಯಿತು, ಪಟ್ಟಿ ಅಳೆದು ಮಾಡಿದ ಹಾಗೆ ಕೂರುತ್ತದೆ. ಎರಡೂ ಕಡೆ ಹಚ್ಚಿದ್ದರೆ 20 ಆಗುತ್ತದೆ. ಆಗ ಪಟ್ಟಿಯ ಪಕ್ಕದಲ್ಲಿ ಮೈಕಾದ ಕಂದು ಗೆರೆ ಇಣುಕುತ್ತದೆ, ಎಷ್ಟು ಒತ್ತಿದರೂ ಮುಚ್ಚುವುದಿಲ್ಲ. ಅಂಥ ಹಲಗೆಗೆ 22 ಎಂಎಂ ಅಗಲದ ಎಡ್ಜ್ ಬ್ಯಾಂಡೇ ಸರಿ. ಎರಡೂ ಕಡೆ ಒಂದೊಂದು ಎಂಎಂ ಹೊರಗೆ ಉಳಿಯುತ್ತದೆ, ಅದನ್ನು ಕೆತ್ತಿ ತೆಗೆದರೆ ಆಯಿತು. ಇನ್ನೊಂದು ಮಾತು: 18 ಅಂತ ಕೊಟ್ಟ ಪ್ಲೈ ಎಷ್ಟೋ ಸಲ 17ರ ಹತ್ತಿರ ಇರುತ್ತದೆ. ವರ್ನಿಯರ್ ಹಿಡಿದು ನಾಲ್ಕು ಕಡೆ ಅಳೆಯಿರಿ, ಆಮೇಲೆ ಆರ್ಡರ್ ಮಾಡಿ.

ಈಗ ಟಿ-ಮೋಲ್ಡಿಂಗ್ ವಿಷಯ. ಹೆಸರೇ ಹೇಳುವ ಹಾಗೆ ಅದನ್ನು ಅಡ್ಡ ಕತ್ತರಿಸಿದರೆ ಇಂಗ್ಲಿಷಿನ ಟಿ ಅಕ್ಷರ ಕಾಣುತ್ತದೆ. ಮೇಲೆ ಚಪ್ಪಟೆ ಪಟ್ಟಿ, ಕೆಳಗೆ ಹಲ್ಲು ಹಲ್ಲಾದ ಬೆನ್ನು. ಪ್ಲೈ ಅಂಚಿನ ನಡುವೆ ಸೀಳು ಹೊಡೆದು ಆ ಬೆನ್ನನ್ನು ಒಳಗೆ ತುರುಕುತ್ತಾರೆ. ಹಲ್ಲುಗಳೇ ಹಿಡಿದುಕೊಳ್ಳುವುದರಿಂದ ಅಂಟು ಬೇಡ. ಹಳೆಯದಾದರೆ ಕಿತ್ತು ಬೇರೆ ಬಣ್ಣದ್ದು ಹಾಕಬಹುದು, ಅದೇ ಇದರ ದೊಡ್ಡ ಲಾಭ. ನಮ್ಮ ಪ್ಲೈವುಡ್ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಉದ್ದ ಅಳೆಯಲು ಟೇಪ್ ಬೇಡ, ಅಂಚಿನ ಗುಂಟ ದಾರ ಹಿಡಿದು ಹೋಗಿ. ಆರು ಅಡಿ ಕ್ಯಾಬಿನೆಟ್ಟಿನ ಒಂದು ಪಕ್ಕಕ್ಕೆ ತಳ ಬಿಟ್ಟು ನಾಲ್ಕೂವರೆ ಮೀಟರ್ ಆಸುಪಾಸು ಬೇಕಾಗುತ್ತದೆ. ಎರಡು ಪಕ್ಕಕ್ಕೆ ಹತ್ತು ಮೀಟರ್ ತರಿಸಿದರೆ ಒಂದಿಷ್ಟು ಹಾಳಾದರೂ ನಡೆಯುತ್ತದೆ.

ಸೀಳು ಹೊಡೆಯುವುದೇ ಇದರಲ್ಲಿ ನಿಜವಾದ ಪರೀಕ್ಷೆ. ಬಡಗಿಗಳ ಹತ್ತಿರ ಇರುವ ಟ್ರಿಮ್ಮರ್ (ಕೈಯಲ್ಲಿ ಹಿಡಿದು ಅಂಚು ಕೆತ್ತುವ ಯಂತ್ರ) ಸಾಕು, ಅದಕ್ಕೆ ಸೀಳು ಹೊಡೆಯುವ ಸ್ಲಾಟ್ ಕಟರ್ ಬಿಟ್ ಹಾಕಬೇಕು. ಸಾಮಾನ್ಯವಾಗಿ 1.6 ಎಂಎಂ ಸೀಳು ನಡೆಯುತ್ತದೆ, ಆದರೆ ನಿಮ್ಮ ಪಟ್ಟಿಯ ಬೆನ್ನು ನೋಡಿಯೇ ಬಿಟ್ ಕೊಳ್ಳಿ. ಬಿಟ್‌ನ ದಂಟು ಕಾಲು ಇಂಚು, ನಿಮ್ಮ ಟ್ರಿಮ್ಮರ್‌ನ ಕಾಲೆಟ್ (ಬಿಟ್ ಹಿಡಿಯುವ ಬಾಯಿ) 6 ಎಂಎಂ ಅಂದರೆ ಅದು ಒಳಗೇ ಹೋಗುವುದಿಲ್ಲ, ಯಾಕಂದರೆ ಕಾಲು ಇಂಚು 6.35 ಎಂಎಂ. ಈ ಪುಟ್ಟ ಲೆಕ್ಕ ತಪ್ಪಿ ನಾನು ಒಂದು ವಾರ ಕಾದೆ.

ನನ್ನ ದೊಡ್ಡ ತಪ್ಪು ಬೇರೆ. ಸೀಳು ಅಂಚಿನ ಸರಿ ನಡುವೆ ಬಂದಿರಲಿಲ್ಲ, ಅರ್ಧ ಎಂಎಂ ಆಚೆ ಇತ್ತು. ಎರಡೂ ಹಲಗೆಗೆ ಟ್ರಿಮ್ಮರನ್ನು ಹೊರಮೈ ಮೇಲೇ ಇಟ್ಟು ಹೊಡೆದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಎಡಪಕ್ಕವನ್ನು ಹೊರಗಿನಿಂದ, ಬಲಪಕ್ಕವನ್ನು ಒಳಗಿನಿಂದ ಹೊಡೆದೆ. ಒಂದು ಕಡೆ ಪಟ್ಟಿ ಹೊರಗೆ ಚಾಚಿತು, ಇನ್ನೊಂದು ಕಡೆ ಒಳಗೆ. ನಮ್ಮ ಓಣಿಯ ಬಡಿಗ್ಯಾರ ಕಾಕಾ ಬಂದು ಬೆರಳಾಡಿಸಿ ನೋಡಿ, ‘ತಮ್ಮಾ, ಎರಡೂ ಬಾಜೂ ಒಂದs ಕೈಲೆ ಮಾಡಿಯೇನು?’ ಅಂದರು. ನಿಮ್ಮದು ಈಗಾಗಲೇ ಜೋಡಿಸಿ ಆಗಿದ್ದರೂ ಚಿಂತೆಯಿಲ್ಲ. ಹೊರಮೈ ಸಪಾಟಾಗಿದ್ದರೆ ಟ್ರಿಮ್ಮರ್ ಅದರ ಮೇಲೆ ಕೂತು ಓಡುತ್ತದೆ. ಒಳಗಿನ ಹಲಗೆಗಳು ಅಂಚಿನಿಂದ ಒಂದು ಇಂಚಾದರೂ ಹಿಂದೆ ಇರಬೇಕು ಅಷ್ಟೇ. ಮೊದಲು ಒಂದು ಪ್ಲೈ ಚೂರಿನಲ್ಲಿ ಹೊಡೆದು, ಪಟ್ಟಿ ತುರುಕಿ ನೋಡಿ.

ತಿರುವುಗಳಲ್ಲಿ ಪಟ್ಟಿ ಸುಮ್ಮನೆ ಬಾಗುವುದಿಲ್ಲ. ಹೊರಕ್ಕೆ ಉಬ್ಬಿದ ತಿರುವಿನಲ್ಲಿ ಬೆನ್ನು ಒತ್ತಿಕೊಂಡು ಮಡಚುತ್ತದೆ, ಅಲ್ಲಿ ಬೆನ್ನಿನಿಂದ ವಿ ಆಕಾರದ ಚೂರುಗಳನ್ನು ಕತ್ತರಿಸಿ ತೆಗೆಯಿರಿ. ಒಳಕ್ಕೆ ತಗ್ಗಿದ ತಿರುವಿನಲ್ಲಿ ಬೆನ್ನು ಹಿಗ್ಗಬೇಕು, ಅಲ್ಲಿ ಬರೀ ನೇರ ಗೀರು ಸಾಕು. ಚೂಪು ಮೂಲೆ ಇದ್ದರೆ ಒಂದು ನಾಣ್ಯ ಇಟ್ಟು ಗೆರೆ ಎಳೆದು ದುಂಡಗೆ ಮಾಡಿಕೊಳ್ಳಿ. ಹೊಡೆಯಲು ರಬ್ಬರ್ ಸುತ್ತಿಗೆ. ಕಬ್ಬಿಣದ್ದೇ ಇದ್ದರೆ ನಡುವೆ ಬಟ್ಟೆ ಸುತ್ತಿದ ಕಟ್ಟಿಗೆ ಇಡಿ. ಹಾಕುವ ಮೊದಲು ಸುರುಳಿಯನ್ನು ಮಾಳಿಗೆ ಮೇಲೆ ಬಿಸಿಲಲ್ಲಿ ಅರ್ಧ ತಾಸು ಬಿಚ್ಚಿಡಿ, ಮೆತ್ತಗಾಗುತ್ತದೆ. ಆದರೆ ಎಳೆದು ಹಾಕಬೇಡಿ. ಎಳೆದ ಪಟ್ಟಿ ಆಮೇಲೆ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ.

ಎಡ್ಜ್ ಬ್ಯಾಂಡ್ ಆದರೆ ಸಾಮಾನ್ಯವಾಗಿ ಎರಡು ದಪ್ಪ ಸಿಗುತ್ತವೆ, 0.8 ಎಂಎಂ ಮತ್ತು 2 ಎಂಎಂ. ಕೈ ತಾಗುವ ಕಡೆಗೆ 2 ಎಂಎಂ ಚೆನ್ನ, ಕೆತ್ತಿ ದುಂಡಗೆ ಮಾಡಬಹುದು. ಆದರೆ ಸಣ್ಣ ತಿರುವಿಗೆ ಅದು ಬಗ್ಗುವುದಿಲ್ಲ, ಅಲ್ಲಿ 0.8 ಹಾಕಿ ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ಕೂರಿಸಿ. ಹಚ್ಚುವ ಮೊದಲು ಅಂಚಿನ ತೂತುಗಳಿಗೆ ಫೆವಿಕಾಲ್ ಮತ್ತು ಕಟ್ಟಿಗೆ ಪುಡಿ ಕಲಸಿ ತುಂಬಿ, ಒಣಗಿದ ಮೇಲೆ ಪಾಲಿಶ್ ಪೇಪರ್‌ನಿಂದ ಉಜ್ಜಿ. ಅಂಟು ಹಳದಿ ಬಣ್ಣದ ರಬ್ಬರ್ ಅಂಟು, ಎಸ್‌ಆರ್ ಅಂತ ಕೇಳಿದರೆ ಕೊಡುತ್ತಾರೆ. ಪಟ್ಟಿಗೂ ಹಚ್ಚಬೇಕು, ಅಂಚಿಗೂ ಹಚ್ಚಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಕೂತರೆ ಸರಿಸಲು ಆಗುವುದಿಲ್ಲ. ಕಿಟಕಿ ತೆಗೆದಿಡಿ, ಹತ್ತಿರ ಒಲೆ ಉರಿಯುತ್ತಿರಬಾರದು, ಅದರ ಹಬೆಗೆ ಬೆಂಕಿ ಹತ್ತುತ್ತದೆ. ನಾನು ಇದನ್ನು ಜುಲೈನಲ್ಲಿ ಮಾಡಿದೆ. ಧಾರವಾಡದ ಜಿಟಿಜಿಟಿ ಮಳೆ ನಿಮಗೂ ಗೊತ್ತಲ್ವಾ? ಒಂದೇ ವಾರಕ್ಕೆ ತಿರುವಿನ ಪಟ್ಟಿ ಬಾಯಿ ಬಿಟ್ಟಿತು. ಮಳೆಗಾಲದಲ್ಲೇ ಮಾಡುವುದಾದರೆ ಬಿಸಿಲು ಬಿದ್ದ ದಿನ ನೋಡಿ ಮಾಡಿ.

ಒಟ್ಟಿನಲ್ಲಿ ನನ್ನ ಆಯ್ಕೆ ಕೇಳಿದರೆ: ಪಕ್ಕದ ಎರಡು ದೊಡ್ಡ ಹಲಗೆಗೆ ಟಿ-ಮೋಲ್ಡಿಂಗ್, ಒಳಗಿನ ಸಣ್ಣಪುಟ್ಟ ಅಂಚಿಗೆ ಎಡ್ಜ್ ಬ್ಯಾಂಡ್. ಬಟನ್ ಹಲಗೆಯ ಮುಂದಿನ ಅಂಚಿಗೆ ಮಾತ್ರ ಏನೇ ಹಾಕಿ, ಕೊನೆಗೆ ಚೂಪು ಉಳಿಯದ ಹಾಗೆ ದುಂಡಗೆ ಮಾಡಿ. ಮಣಿಕಟ್ಟು ತಾಸುಗಟ್ಟಲೆ ಅದರ ಮೇಲೇ ಇರುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಬಟನ್ ಇನ್ನೂ ಕೊಂಡಿಲ್ಲವಾದರೆ ತಿರುಗಿಸಿ ಬಿಗಿಯುವ ಜಾತಿಯದ್ದು ತನ್ನಿ. ಚಟಕ್ಕಂತ ಕೂರುವವು ತೆಳು ತಗಡಿಗೆ ಸರಿ, 18 ಎಂಎಂ ಪ್ಲೈಗೆ ನಿಲ್ಲುವುದಿಲ್ಲ. ಮೇಲಿನ ಹೆಸರು ಹಲಗೆಗೆ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾಕ್‌ಲಿಟ್ (ಹಿಂದಿನಿಂದ ಬೆಳಕು ಬಿಡುವ) ಪ್ರಿಂಟ್ ಹಾಕಿಸಿ, 3 ಎಂಎಂ ಅಕ್ರಿಲಿಕ್ ಹಿಂದೆ ಇಟ್ಟು, ಮೇಲೆ ಕೆಳಗೆ ಅಲ್ಯೂಮಿನಿಯಂ ಎಲ್ ಆಂಗಲ್‌ನಿಂದ ಹಿಡಿಸಿ. ಅಕ್ರಿಲಿಕ್ ಮೇಲಿನ ಕಾಗದವನ್ನು ಕೊನೆಯವರೆಗೆ ಕೀಳಬೇಡಿ. ಅಂಟು ತಾಗಿತು ಅಂತ ನಾನು ಥಿನ್ನರ್‌ನಿಂದ ಒರೆಸಿದೆ, ಅದು ಮಂಜು ಹಿಡಿದ ಗಾಜಿನ ಹಾಗಾಯಿತು. ಹೊಸದು ತರಬೇಕಾಯಿತು.

ತಳದ ಅಂಚನ್ನು ಯಾರೂ ನೋಡುವುದಿಲ್ಲ, ಹಾಗಾಗಿ ನಾನೂ ಬಿಟ್ಟಿದ್ದೆ. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತಾರೆ, ಆ ನೀರನ್ನು ಪ್ಲೈ ಕುಡಿಯುತ್ತಾ ಬರುತ್ತದೆ. ಆರು ತಿಂಗಳಿಗೆ ನನ್ನದರ ಕೆಳಗಿನ ಪದರ ಉಬ್ಬಿತ್ತು. ತಳಕ್ಕೆ ಎರಡು ಕೋಟ್ ಆಯಿಲ್ ಪೇಂಟ್ ಹೊಡೆದು, ನಾಲ್ಕು ಮೂಲೆಗೆ ರಬ್ಬರ್ ಬುಷ್ ಹಾಕಿ. ನಿಮ್ಮದು ಈಗಾಗಲೇ ನಿಂತಿದೆ ಅಂದಿರಿ. ಮಲಗಿಸುವ ಮೊದಲು ಮಾನಿಟರ್ ತೆಗೆದಿಡಿ, ಜೊತೆಗೆ ಇನ್ನಿಬ್ಬರನ್ನು ಕರೆಯಿರಿ.