ಅಜ್ಜನ ವಾಚು, ಬೆಟ್ಟದ ವಾಚು

ಪ್ರಶ್ನೆ: ಕಪಾಟಿನಲ್ಲಿ ನಮ್ಮ ಅಜ್ಜನ ಫಾವ್ರೆ ಲ್ಯೂಬಾ ಕಂಪನಿಯ ಸೀ ಚೀಫ್ ವಾಚು ಸಿಕ್ಕಿತು. ಆ ಕಂಪನಿ ಮತ್ತೆ ಶುರುವಾಗಿದೆಯಂತೆ, ಅದು ಪರ್ವತ ಹತ್ತುವವರ ವಾಚಂತೆ. ನಿಜವಾ?
– ಓದುಗರೊಬ್ಬರು, ಖಡೇಬಜಾರ್, ಬೆಳಗಾವಿ

ಉತ್ತರ: ಕಂಪನಿ ಮತ್ತೆ ಶುರುವಾಗಿದ್ದು ನಿಜ. ಆದರೆ ಬೆಟ್ಟದ ವಾಚು ನಿಮ್ಮದಲ್ಲ, ಅದೇ ಕಂಪನಿಯ 1962ರ ಬಿವಾಕ್ ಎಂಬ ಮಾದರಿ. ಅದರೊಳಗೆ ಗಾಳಿ ತೆಗೆದ ಪುಟ್ಟ ಲೋಹದ ಡಬ್ಬಿ ಇರುತ್ತದೆ, ಮೇಲೆ ಹತ್ತಿದಂತೆ ಹೊರಗಿನ ಒತ್ತಡ ಇಳಿದು ಡಬ್ಬಿ ಉಬ್ಬುತ್ತದೆ, ಮುಳ್ಳು ಜರುಗಿ 3000 ಮೀಟರ್‌ವರೆಗೆ ಎತ್ತರ ತೋರಿಸುತ್ತದೆ. ಮಳೆಗಾಲದಲ್ಲಿ ಒತ್ತಡ ಬಿದ್ದರೆ ಬೆಳಗಾವಿಯಲ್ಲಿ ಕೂತಲ್ಲೇ ಬೆಟ್ಟ ಹತ್ತಿಸಿಬಿಡುತ್ತದೆ! 1737ರ ಈ ಸ್ವಿಸ್ ಹೆಸರನ್ನು 2011ರಲ್ಲಿ ಟಾಟಾದವರು ಕೊಂಡಿದ್ದರು. ಈಗ ವಾಚು ಮಾರುವ ಇಥೋಸ್ ಕಂಪನಿಯ ಕೈಯಲ್ಲಿದೆ, 2024ರಲ್ಲಿ ಹೊಸ ವಾಚುಗಳು ಬಂದಿವೆ. ಬೆಲೆ ಜಾಸ್ತಿ, ಲಕ್ಷದ ಮಾತು. ಸುಮ್ನೆ ಅಜ್ಜನದನ್ನೇ ಸರ್ವಿಸ್ ಮಾಡಿಸಿ ಕಟ್ಟಿಕೊಳ್ಳಿ. ಡಯಲ್‌ಗೆ ಮಾತ್ರ ಹೊಸ ಪೇಂಟ್ ಹಾಕಿಸಬೇಡಿ, ಹಳದಿಯಾಗಿದ್ದರೂ ಇರಲಿ.