ಎಕ್ಸ್‌ರೇಯಲ್ಲಿ ಏನೂ ಇಲ್ಲ, ಮಂಡಿ ಮಾತ್ರ ಕೈಕೊಡುತ್ತಿದೆ

ಪ್ರಶ್ನೆ: ನನಗೆ 21 ವರ್ಷ, ಕಬಡ್ಡಿ ರೈಡರ್. ಎರಡು ತಿಂಗಳ ಹಿಂದೆ ರೈಡ್ ಮುಗಿಸಿ ಗೆರೆಯತ್ತ ತಿರುಗುವಾಗ ಬಲ ಮಂಡಿಯೊಳಗೆ ‘ಟಕ್’ ಎಂದಿತು. ಒಂದೇ ತಾಸಿನಲ್ಲಿ ಊದಿತು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಹದಿನೈದು ದಿನ ಎಣ್ಣೆ ಹಚ್ಚಿಸಿ ನೀವಿಸಿಕೊಂಡೆ. ಈಗ ನೋವಿಲ್ಲ, ನೇರ ಓಡುತ್ತೇನೆ. ಗಕ್ಕನೆ ತಿರುಗಿದರೆ ಮಾತ್ರ ಮಂಡಿ ಜಾರಿದಂತಾಗುತ್ತದೆ. ಮುಂದಿನ ತಿಂಗಳ ಟೂರ್ನಮೆಂಟಿನಲ್ಲಿ ನೀ ಕ್ಯಾಪ್ ಹಾಕಿಕೊಂಡು ಆಡಬಹುದೇ?

ಉತ್ತರ: ಬೇಡ. ನೀವು ಬರೆದಿರುವುದರಲ್ಲಿ ಮುಖ್ಯವಾದದ್ದು ಆ ‘ಒಂದೇ ತಾಸು’. ಅಷ್ಟು ಬೇಗ ಊದಿತೆಂದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ. ಇದಕ್ಕೆ ಸಾಮಾನ್ಯ ಕಾರಣ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಒಂದು ಲಿಗಮೆಂಟ್ (ಗಟ್ಟಿ ಪಟ್ಟಿ), ಹರಿಯುವುದು. ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಒಂದೇ ಹರಿದಿದ್ದರೆ ಹೆಚ್ಚಾಗಿ ಮರುದಿನದ ಹೊತ್ತಿಗೆ ನಿಧಾನವಾಗಿ ಊದುತ್ತದೆ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು, ಲಿಗಮೆಂಟನ್ನಲ್ಲ.

ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚದಂತೆ ಹಿಡಿದಿಡುವುದು ಎಸಿಎಲ್. ಹಾಗಾಗಿ ನೇರ ಓಟಕ್ಕೆ ತೊಂದರೆಯಿಲ್ಲ, ತಿರುವಿನಲ್ಲಿ ಬಣ್ಣ ಬಯಲಾಗುತ್ತದೆ. ಪೂರ್ತಿ ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ, ನೀವಿದರಂತೂ ಇಲ್ಲ. ನೀ ಕ್ಯಾಪ್ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ, ಅಷ್ಟೇ. ಮಂಡಿ ಜಾರಿದಾಗಲೆಲ್ಲ ಮೆನಿಸ್ಕಸ್ ಎರಡು ಮೂಳೆಗಳ ನಡುವೆ ಸಿಕ್ಕಿ ಹರಿಯಬಹುದು. ಅದರ ಒಳ ಅಂಚಿಗೆ ರಕ್ತ ಹರಿಯದ ಕಾರಣ ಅಲ್ಲಿ ಹರಿದದ್ದು ಮಾಯುವುದು ಕಷ್ಟ.

ಮೂಳೆ ತಜ್ಞರು ಮಂಡಿಯನ್ನು 20–30 ಡಿಗ್ರಿ ಬಾಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಮಂಡಿಯ ಕೆಳಗಿನ ಮೂಳೆಯನ್ನು ಮುಂದಕ್ಕೆಳೆದು ನೋಡುತ್ತಾರೆ. ಎಸಿಎಲ್ ಸರಿಯಿದ್ದರೆ ಮೂಳೆ ಗಟ್ಟನೆ ನಿಲ್ಲುತ್ತದೆ. ಆಮೇಲೆ ಎಂಆರ್‌ಐ, ಮೆನಿಸ್ಕಸ್ ಸ್ಥಿತಿಯೂ ತಿಳಿಯುತ್ತದೆ.

ಹರಿದವರಿಗೆಲ್ಲ ಆಪರೇಷನ್ ಬೇಕಿಲ್ಲ. ಆದರೆ ಕಬಡ್ಡಿ ಬಿಡಲೊಲ್ಲದವರಿಗೆ ಸಾಮಾನ್ಯವಾಗಿ ಅದನ್ನೇ ಹೇಳುತ್ತೇವೆ: ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಹೊಸ ಎಸಿಎಲ್ ಕೂರಿಸುವುದು. ಈ ಕಸಿ ಮೊದಲ ತಿಂಗಳುಗಳಲ್ಲಿ ಬಲ ಕಳೆದುಕೊಂಡು, ರಕ್ತನಾಳ ಬೆಳೆದಂತೆ ಮತ್ತೆ ಗಟ್ಟಿಯಾಗುತ್ತದೆ. ನೋವು ಹೋಯಿತೆಂದು ಆರೇ ತಿಂಗಳಿಗೆ ಅಂಕಣಕ್ಕಿಳಿದವರು ಮತ್ತೆ ಹರಿದುಕೊಳ್ಳುವುದು ಇದರಿಂದಲೇ. ಕನಿಷ್ಠ 9 ತಿಂಗಳು ಬೇಕು. ಒಂಟಿಗಾಲ ಜಿಗಿತ, ತೊಡೆಯ ಬಲ ಇನ್ನೊಂದು ಕಾಲಿನ ಶೇ. 90ನ್ನಾದರೂ ಮುಟ್ಟಿರಬೇಕು. ಕೂತು ಕೂತು ಆ ಕಾಲೂ ಸೊರಗಿರುತ್ತದೆ ಎಂಬುದನ್ನು ಮರೆಯಬೇಡಿ.

ಸದ್ಯಕ್ಕೆ ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ದಿನಕ್ಕೆ ಮೂರು ಬಾರಿ ಹತ್ತು ನಿಮಿಷ ಮಂಡಿಯನ್ನು ನೇರವಾಗಲು ಬಿಡಿ. ತೊಡೆ ಬಿಗಿಹಿಡಿದು ಹತ್ತು ಎಣಿಸಿ ಬಿಡಿ, ಹೀಗೆ ಹದಿನೈದು ಸಲ. ಸೈಕಲ್ ತುಳಿಯಬಹುದು. ಮಂಡಿ ಸಿಕ್ಕಿಹಾಕಿಕೊಂಡು ನೇರವಾಗಲೇ ಇಲ್ಲವೆಂದರೆ ಮೆನಿಸ್ಕಸ್ ತುಂಡು ಮಡಚಿ ಕೂತಿರಬಹುದು. ಬಲವಂತವಾಗಿ ಎಳೆಯದೆ ಅಂದೇ ಆಸ್ಪತ್ರೆಗೆ ಹೋಗಿ.