ರೈಲಿನಿಂದ ಇಳಿದರೇ ಕಾಣುವ ಗ್ರೌಬ್ಯುಂಡನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು. ಮಗಳು, ಅಳಿಯ ಝೂರಿಕ್‌ನಲ್ಲಿದ್ದಾರೆ, ಬನ್ನಿ ಅಂತ ಒಂದೇ ಸಮನೆ ಕರೆಯುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡನ್ ಪ್ರಾಂತ್ಯದ ಕೆಂಪು ರೈಲಿನಲ್ಲಿ ಒಂದು ದಿನ ಕೂತು ಬಂದರೆ ಎಲ್ಲಾ ನೋಡಿದಂತೆ ಎಂದು ಟೂರಿನವರು ಹೇಳುತ್ತಾರೆ. ಒಂದು ದಿನ ಸಾಕಾ?
(ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ಸಾಲದು ಸರ್. ಕಡಿಮೆ ಅಂದರೂ ನಾಲ್ಕು ದಿನ ಇಟ್ಟುಕೊಳ್ಳಿ.

ರೈಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಥೂಸಿಸ್‌ನಿಂದ ಇಟಲಿಯ ತಿರಾನೋ ತನಕ 120 ಕಿ.ಮೀ.ಗೂ ಜಾಸ್ತಿ ದಾರಿ, 196 ಸೇತುವೆ, 55 ಸುರಂಗ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಿಮಗೆ ಖಂಡಿತ ಖುಷಿಯಾಗುವ ವಿಷಯ ಏನೆಂದರೆ ಇದು ಮೀಟರ್ ಗೇಜ್. ನಮ್ಮ ಹುಬ್ಬಳ್ಳಿ-ಗದಗ ದಾರಿಯಲ್ಲಿ ಹಿಂದೆ ಇತ್ತಲ್ಲ, ಅದೇ ಅಳತೆ. ಆ ಸಣ್ಣ ಹಳಿಯ ಮೇಲೆ, ನಡುವೆ ಹಲ್ಲಿನ ಹಳಿ ಏನೂ ಇಲ್ಲದೆ, ಈ ದಾರಿಯ ಬರ್ನಿನಾ ಭಾಗದಲ್ಲಿ ರೈಲು 2253 ಮೀಟರ್ ಎತ್ತರದ ಓಸ್ಪಿತ್ಸಿಯೊ ಬರ್ನಿನಾ ನಿಲ್ದಾಣಕ್ಕೆ ಹತ್ತಿ, ಅಲ್ಲಿಂದ ಸುಮಾರು 430 ಮೀಟರ್ ಎತ್ತರದಲ್ಲಿರುವ ತಿರಾನೋಗೆ ಇಳಿಯುತ್ತದೆ. ಕೆಲವು ಕಡೆ ಪ್ರತಿ 100 ಮೀಟರಿಗೆ 7 ಮೀಟರ್ ಏರು. ಇಷ್ಟು ವರ್ಷ ರೈಲಿನ ಜೊತೆ ಬದುಕಿದ ನಿಮಗೆ ಇದು ಎಷ್ಟು ಕಡಿದಾದ ಏರು ಅಂತ ನಾನು ಹೇಳಬೇಕಾಗಿಲ್ಲ.

ಈಗ ಉಳಿತಾಯದ ಮಾತು. ದೊಡ್ಡ ಕಿಟಕಿಯ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಸ್ವಿಸ್ ಟ್ರಾವೆಲ್ ಪಾಸ್ (ರೈಲು, ಬಸ್ಸು ಎಲ್ಲಕ್ಕೂ ನಡೆಯುವ ಪ್ರವಾಸಿಗರ ಪಾಸ್) ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ. ಪಾಸ್ ಇದ್ದರೆ ಸೀದಾ ಹತ್ತಿ ಕೂಡಬಹುದು. ಹಳೆಯ ಬೋಗಿಗಳಲ್ಲಿ ಕಿಟಕಿ ತೆಗೆಯಲಿಕ್ಕೂ ಬರುತ್ತದೆ, ಫೋಟೋಕ್ಕೆ ಅದೇ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾದ ಕಡೆ ಇಳಿಯಬಹುದು.

ಹಾಗಾಗಿ ಫಿಲಿಸೂರ್‌ನಲ್ಲಿ ಇಳಿಯಿರಿ. ಅಲ್ಲಿಂದ ನಡೆದು ಹೋಗಿ ಲಾಂಡ್‌ವಾಸರ್ ಸೇತುವೆಯನ್ನು ಕೆಳಗಿನಿಂದ ನೋಡಿ. 65 ಮೀಟರ್ ಎತ್ತರ, ಆರು ಕಮಾನು, 1902ರ ಕಲ್ಲಿನ ಕೆಲಸ. ಸೇತುವೆ ಬಾಗಿಕೊಂಡು ಹೋಗಿ ನೇರ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ರೈಲಿನೊಳಗೆ ಕೂತವರಿಗೆ ಇದು ಕಾಣುವುದು ಒಂದೆರಡು ಕ್ಷಣ ಅಷ್ಟೆ. ಮುಂದೆ ಬೆರ್ಗ್ಯೂನ್‌ನಲ್ಲಿ ರೈಲ್ವೆ ಮ್ಯೂಸಿಯಂ ಇದೆ, ಅರ್ಧ ದಿನ ಅಲ್ಲೇ ಕಳೆಯಬಹುದು. ಬೆರ್ಗ್ಯೂನ್‌ನಿಂದ ಪ್ರೇಡಾಕ್ಕೆ 400 ಮೀಟರ್‌ಗೂ ಜಾಸ್ತಿ ಎತ್ತರ ಏರಬೇಕು. ಅದಕ್ಕಾಗಿ ಹಳಿಯನ್ನು ಬೆಟ್ಟದೊಳಗೆ ಸುತ್ತಿ ಸುತ್ತಿ ಒಯ್ದಿದ್ದಾರೆ. ಪಕ್ಕದಲ್ಲೇ ಕಾಲುದಾರಿ ಇದೆ. ಕೆಳಗೆ ಹೋದ ಅದೇ ರೈಲು ಸ್ವಲ್ಪ ಹೊತ್ತಿಗೆ ನಿಮ್ಮ ತಲೆಯ ಮೇಲೆ ಹೋಗುತ್ತದೆ.

ಇನ್ನೊಂದು ಹೇಳಲೇಬೇಕು. 1900ರಿಂದ 1925ರ ತನಕ ಈ ಇಡೀ ಪ್ರಾಂತ್ಯದಲ್ಲಿ ಕಾರಿಗೆ ನಿಷೇಧ ಇತ್ತು. ಜನ ಮತ್ತೆ ಮತ್ತೆ ಮತ ಹಾಕಿ ಬೇಡ ಅಂದರು. ಆ ಕಾಲದಲ್ಲಿ ಈ ಕಣಿವೆಗಳಿಗೆ ರೈಲು ಎಂದರೆ ಏನಾಗಿತ್ತು ಅಂತ ಬೆರ್ಗ್ಯೂನ್‌ನಲ್ಲಿ ನಿಂತಾಗ ಯೋಚಿಸಿ ನೋಡಿ.

ಪ್ರಶ್ನೆ: ಲಕ್ಕುಂಡಿ, ತ್ರಿಕೂಟೇಶ್ವರ ನೋಡಿ ಬೆಳೆದವಳು ನಾನು, ಚಿತ್ರಕಲಾ ಶಿಕ್ಷಕಿ. ಸ್ವಿಟ್ಜರ್ಲೆಂಡ್ ಅಂದರೆ ಬರೀ ಹಿಮ, ಹಸು, ಚಾಕೊಲೇಟ್ ಫೋಟೋಗಳೇ ಬರುತ್ತವೆ. ಹಳೆಯ ಕಲೆ ಏನೂ ಇಲ್ಲವಾ?
(ಓದುಗರು, ಗದಗ)

ಉತ್ತರ: ಇದೆ ಮೇಡಂ, ಮತ್ತು ಅದನ್ನು ನೋಡಲು ಹೋಗುವವರು ನಮ್ಮವರಲ್ಲಿ ಬಹಳ ಕಡಿಮೆ ಅನ್ನುವುದು ನನಗೆ ನಿಜವಾಗಲೂ ಬೇಜಾರಿನ ಸಂಗತಿ. ನೀವು ಮೊದಲು ಹೋಗಬೇಕಾದದ್ದು ತ್ಸಿಲ್ಲಿಸ್ ಎಂಬ ಸಣ್ಣ ಊರಿಗೆ. ಥೂಸಿಸ್‌ನಿಂದ ಹಳದಿ ಪೋಸ್ಟ್ ಬಸ್ ಹೋಗುತ್ತದೆ. ಅಲ್ಲಿನ ಸಂತ ಮಾರ್ಟಿನ್ ಚರ್ಚು ಹೊರಗಿನಿಂದ ಸಾದಾ. ಒಳಗೆ ಹೋಗಿ ತಲೆ ಎತ್ತಿದರೆ ಮರದ ಚಾವಣಿಯ ತುಂಬ ಚಿತ್ರ. ಒಂಬತ್ತು ಸಾಲು, ಸಾಲಿಗೆ ಹದಿನೇಳು, ಒಟ್ಟು 153 ಹಲಗೆಗಳು. 12ನೇ ಶತಮಾನದ ಶುರುವಿನವು. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ್ದು 1007ರಲ್ಲಿ, ಅಂದರೆ ಅದಾಗಿ ಸುಮಾರು ನೂರು ವರ್ಷಕ್ಕೆ ಬಿಡಿಸಿದ್ದು ಅಂತ ಲೆಕ್ಕ ಹಾಕಿಕೊಳ್ಳಿ. ಮರದ ಮೇಲಿನ ಬಣ್ಣ ಇಷ್ಟು ಕಾಲ ಉಳಿದದ್ದೇ ದೊಡ್ಡದು, ಅದರಲ್ಲೂ ಬಹುತೇಕ ಇಡಿಯಾಗಿ ಉಳಿದಿದೆ.

ಅಂಚಿನ ಸುತ್ತ ಮೀನಿನ ಬಾಲದ ವಿಚಿತ್ರ ಪ್ರಾಣಿಗಳು, ಸಮುದ್ರ. ನಡುವೆ ಕ್ರಿಸ್ತನ ಕಥೆ, ಕೊನೆಗೆ ಸಂತ ಮಾರ್ಟಿನ್ನನ ಕಥೆ. ಕತ್ತು ನೋಯದಂತೆ ನೋಡಲಿ ಅಂತ ಅಲ್ಲಿ ಕೈಗನ್ನಡಿ ಇಟ್ಟಿರುತ್ತಾರೆ. ಕನ್ನಡಿಯಲ್ಲಿ ಒಂದೊಂದೇ ಹಲಗೆ ಹಿಡಿದು ನಿಧಾನವಾಗಿ ನೋಡಿ. ಅಂಚಿನ ಆ ಪ್ರಾಣಿಗಳ ಗೆರೆಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡು ಬಂದರೆ ಮಕ್ಕಳಿಗೆ ತೋರಿಸಲು ಎಂಥ ಒಳ್ಳೆಯ ಪಾಠ, ಅಲ್ವಾ?

ಎರಡನೆಯದು ಮ್ಯೂಸ್ಟೈರ್. ಇಟಲಿ ಗಡಿಗೆ ಅಂಟಿಕೊಂಡ ಊರು, 8ನೇ ಶತಮಾನದಲ್ಲಿ ಶುರುವಾದ ಮಠ, ಇವತ್ತಿಗೂ ಬೆನೆಡಿಕ್ಟೈನ್ ಸನ್ಯಾಸಿನಿಯರು ಅಲ್ಲೇ ಇದ್ದಾರೆ. ಚರ್ಚಿನ ಗೋಡೆಯ ಮೇಲೆ ಸುಮಾರು 800ರ ಕಾಲದ ಭಿತ್ತಿಚಿತ್ರಗಳಿವೆ. ಮುಂದೆ ಬಂದವರು ಅವುಗಳ ಮೇಲೆ ಬೇರೆ ಚಿತ್ರ ಬರೆಸಿದರು, ಸುಣ್ಣ ಬಳಿಸಿದರು. 20ನೇ ಶತಮಾನದಲ್ಲಿ ಆ ಮೇಲಿನ ಪದರಗಳನ್ನು ತೆಗೆದಾಗ ಹಳೆಯವು ಹೊರಬಂದವು. 1983ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ ಇದು. ತ್ಸೆರ್ನೆಟ್ಸ್ ಊರಿನಿಂದ ಇಲ್ಲಿಗೆ ಬರುವ ಬಸ್ಸು 1914ರ ಸ್ವಿಸ್ ರಾಷ್ಟ್ರೀಯ ಉದ್ಯಾನದ ಮೂಲಕ ಹೋಗುತ್ತದೆ. ನಡುವೆ ಇಳಿದು ಕಾಡಲ್ಲಿ ನಡೆಯಬಹುದು, ಆದರೆ ಗುರುತು ಹಾಕಿದ ದಾರಿ ಬಿಡುವಂತಿಲ್ಲ, ಒಂದು ಹೂವೂ ಕೀಳುವಂತಿಲ್ಲ.

ಸಮಯ ಉಳಿದರೆ ಗ್ವಾರ್ಡಾ. 1622ರಲ್ಲಿ ಆಸ್ಟ್ರಿಯಾದ ಸೈನಿಕರು ಸುಟ್ಟು ಹಾಕಿದ ಊರನ್ನು ಜನ ಮತ್ತೆ ಕಟ್ಟಿಕೊಂಡರು. ದಪ್ಪ ಗೋಡೆ, ಒಳಕ್ಕೆ ಇಳಿದ ಸಣ್ಣ ಕಿಟಕಿ. ಬೂದು ಗಾರೆಯ ಮೇಲೆ ಸುಣ್ಣ ಹಚ್ಚಿ, ಹಸಿ ಇರುವಾಗಲೇ ಗೀರಿ ತೆಗೆದ ಚಿತ್ತಾರ ಮನೆ ಮನೆಗೂ ಇದೆ. ಇದಕ್ಕೆ ಸ್ಗ್ರಾಫಿಟೊ ಎನ್ನುತ್ತಾರೆ. ಅವು ಜನ ವಾಸ ಮಾಡುವ ಮನೆಗಳು, ಹಾಗಾಗಿ ಹೊರಗಿನಿಂದಲೇ ನೋಡಿ.

ಪ್ರಶ್ನೆ: ಅಲ್ಲಿ ರೋಮಾನ್ಶ್ ಅನ್ನುವ ಸಣ್ಣ ಭಾಷೆ ಇದೆಯಂತೆ. ಈಗಲೂ ಕಿವಿಗೆ ಬೀಳುತ್ತದಾ?
(ಓದುಗರು, ಸಾಧನಕೇರಿ, ಧಾರವಾಡ)

ಉತ್ತರ: ಬೀಳುತ್ತದೆ. ಜರ್ಮನ್, ರೋಮಾನ್ಶ್, ಇಟಾಲಿಯನ್ ಮೂರೂ ನಡೆಯುವ ಒಂದೇ ಸ್ವಿಸ್ ಪ್ರಾಂತ್ಯ ಇದು. 1938ರಲ್ಲಿ ದೇಶದ ಮತದಾರರು ರೋಮಾನ್ಶ್‌ಗೆ ರಾಷ್ಟ್ರಭಾಷೆಯ ಸ್ಥಾನ ಕೊಟ್ಟರು. ಅಷ್ಟು ಸಣ್ಣ ಭಾಷೆಗೆ ಐದು ಬರಹದ ರೂಪಗಳಿವೆ! 1982ರಲ್ಲಿ ಎಲ್ಲರಿಗೂ ಒಂದೇ ಅಂತ ಹೊಸ ರೂಪ ಮಾಡಿದರು. ಕೆಲವು ಊರಿನ ಶಾಲೆಗಳು ಅದನ್ನು ತಂದವು, ಆಮೇಲೆ ಎಷ್ಟೋ ಊರಿನವರು ಮಕ್ಕಳಿಗೆ ನಮ್ಮ ಕಡೆಯದ್ದೇ ಇರಲಿ ಅಂತ ಹಿಂದಕ್ಕೆ ಹೋದರು. ಕನ್ನಡ ಶಾಲೆಗಾಗಿ ಬಡಿದಾಡಿದ ಧಾರವಾಡದವರಿಗೆ ಇದು ದೂರದ ಮಾತು ಅನಿಸಲಿಕ್ಕಿಲ್ಲ. ಎಂಗಡೀನ್ ಕಣಿವೆಯಲ್ಲಿ ಯಾರಾದರೂ ಎದುರಾದರೆ "ಅಲೇಗ್ರಾ" ಅನ್ನಿ, ಖುಷಿಯಿಂದ ತಿರುಗಿ ಹೇಳುತ್ತಾರೆ.

ಪ್ರಶ್ನೆ: ಮೇ ರಜೆಯಲ್ಲಿ ಮಕ್ಕಳು, ಅವ್ವ ಎಲ್ಲರೂ ಹೊರಟಿದ್ದೇವೆ. ಅವ್ವಗೆ ಮೊಣಕಾಲು ನೋವು. ನಾವು ಶುದ್ಧ ಶಾಕಾಹಾರಿಗಳು.
(ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಮೇ ತಿಂಗಳು ಇಲ್ಲಿಗೆ ಸರಿಯಾದ ಕಾಲ ಅಲ್ಲ. ರೈಲು ವರ್ಷವಿಡೀ ಓಡುತ್ತದೆ, ನಿಜ. ಆದರೆ ಚಳಿಗಾಲದ ಸೀಸನ್ ಮುಗಿದು ಬೇಸಿಗೆಯದ್ದು ಶುರುವಾಗದ ಹೊತ್ತು ಅದು. ಎತ್ತರದ ಊರುಗಳಲ್ಲಿ ಎಷ್ಟೋ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ, ಕಾಲುದಾರಿಗಳಲ್ಲಿ ಹಿಮ ಉಳಿದಿರುತ್ತದೆ. ಮೇ ಬಿಟ್ಟರೆ ಆಗುವುದೇ ಇಲ್ಲ ಅಂದರೆ ಕೆಳಗಿನ ಖೂರ್ ನಗರದಲ್ಲಿ ಉಳಿದುಕೊಂಡು ದಿನಾ ಹೋಗಿ ಬನ್ನಿ. ದಸರಾ ರಜೆಗೆ ಹೋಗುವುದಾದರೆ ಇನ್ನೂ ಒಳ್ಳೆಯದು. ಅಕ್ಟೋಬರಿನಲ್ಲಿ ಎಂಗಡೀನ್‌ನ ಲಾರ್ಚ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ.

ಅವ್ವನವರಿಗೆ ರೈಲು ಪ್ರಯಾಣ, ತ್ಸಿಲ್ಲಿಸ್ ಚರ್ಚು ಎರಡೂ ಆಗುತ್ತವೆ. ವಿಯಾಮಾಲಾ ಕಮರಿಗೆ ಮಾತ್ರ ಇಳಿಸಬೇಡಿ, 300ಕ್ಕೂ ಜಾಸ್ತಿ ಮೆಟ್ಟಿಲು.

ಊಟದಲ್ಲಿ ಎಚ್ಚರ ಬೇಕು. ಅಲ್ಲಿನ ಬಾರ್ಲಿ ಸೂಪು ನೋಡಲು ಸಾತ್ವಿಕ, ಆದರೆ ಒಣಮಾಂಸ ಹಾಕುವುದು ರೂಢಿ. ಸೊಪ್ಪಿನಲ್ಲಿ ಸುತ್ತಿದ ಕಾಪುನ್ಸ್‌ಗೂ ಅದೇ ಮಾತು. ಪಿತ್ಸೋಕ್ಕೇರಿ ಕೇಳಿ: ಕುಟ್ಟು (ಬಕ್‌ವೀಟ್) ಹಿಟ್ಟಿನ ಶಾವಿಗೆ, ಆಲೂಗಡ್ಡೆ, ಕೋಸು, ಚೀಸ್. ಮಲೂನ್ಸ್ ಕೂಡ ನಡೆಯುತ್ತದೆ. ಆಲೂಗಡ್ಡೆ ತುರಿದು, ಹಿಟ್ಟು ಕಲಸಿ, ಬೆಣ್ಣೆಯಲ್ಲಿ ಹುರಿದು, ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಮಕ್ಕಳಿಗೆ ಹಿಡಿಸುತ್ತದೆ. ಆದರೂ ಆರ್ಡರ್ ಮಾಡುವ ಮುಂಚೆ ಮಾಂಸ, ಮೊಟ್ಟೆ ಇದೆಯಾ ಅಂತ ಪ್ರತಿ ಸಲ ಕೇಳಿಯೇ ಬಿಡಿ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳ ಒಯ್ಯಿರಿ. ಪೇಡೆ, ತುಪ್ಪ ಬೇಡ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ.